ಕೈ ತೊಳೆದ ಮೇಲೆ

ಶಾಯಿ ಎಂಬುದು ಅವಳ ಹೆಸರಲ್ಲ. ನಾಲ್ಕು ವರ್ಷದವಳಿದ್ದಾಗ ಅಪ್ಪನ ಮೇಜಿನ ಮೇಲಿದ್ದ ಶಾಯಿ ಬಾಟಲಿಯನ್ನು ಶರಬತ್ತೆಂದು ಎತ್ತಿ ಕುಡಿದು, ಎರಡು ದಿನ ಬೀದಿಯ ಮಕ್ಕಳಿಗೆಲ್ಲ ನೀಲಿ ನಾಲಿಗೆ ತೋರಿಸಿಕೊಂಡು ತಿರುಗಿದಳು. ಅಂದು ಅಂಟಿಕೊಂಡ ಹೆಸರು ಮೂವತ್ತಮೂರು ತುಂಬಿದರೂ ಬಿಟ್ಟಿಲ್ಲ. ಬಿಡುವ ಹಾಗೆ ಅವಳೂ ನಡೆದುಕೊಂಡಿಲ್ಲ ಅನ್ನಿ. ಬೆಳಗ್ಗೆ ಎಂಟರಿಂದ ಎರಡರವರೆಗೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾಳೆ, ಮನೆಗೆ ಬಂದು ಊಟ ಮಾಡಿ ಕಾದಂಬರಿ ಬರೆಯುತ್ತಾಳೆ. "ಬೆಳಗ್ಗೆ ಊರವರ ತಪ್ಪು ತಿದ್ದೋದು, ಮಧ್ಯಾಹ್ನ ಕೂತು ಸ್ವಂತ ತಪ್ಪು ಮಾಡೋದು," ಎಂದು ಅಪ್ಪ ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಾನೆ.

ಅಪ್ಪ ಬಡಗಿ. ಹೊಸದೇನನ್ನೂ ಮಾಡುವುದಿಲ್ಲ, ಮುರಿದ ಕುರ್ಚಿ ಮೇಜುಗಳನ್ನು ಸರಿಮಾಡುತ್ತಾನೆ. ಮನೆಯ ಮುಂಕೋಣೆಯೇ ಅವನ ಕಾರ್ಖಾನೆ. ಮೂರು ಕಾಲಿನವು, ಎರಡೂವರೆ ಕಾಲಿನವು, ಬೆನ್ನು ಕಳೆದುಕೊಂಡವು, ಹೀಗೆ ಅಂಗವಿಕಲ ಕುರ್ಚಿಗಳ ಒಂದು ಜಾತ್ರೆಯನ್ನೇ ದಾಟಿಕೊಂಡು ಒಳಗೆ ಬರಬೇಕು. ಅದರ ಹಿಂದೆ ಅಡುಗೆಮನೆ, ಅಲ್ಲಿ ಅಜ್ಜ ತನ್ನ ಕೈಯಾರೆ ಮಾಡಿದ ಉದ್ದನೆಯ ಊಟದ ಮೇಜು. ಅದರ ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಒಂದು ನಲ್ಲಿ, ನಲ್ಲಿಯ ಕೆಳಗೆ ಕಲ್ಲಿನ ತೊಟ್ಟಿ. ಈ ತೊಟ್ಟಿಯನ್ನು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಳ್ಳಿ. ಆ ಮನೆಯ ಕೋರ್ಟು ಕಚೇರಿ ಎಲ್ಲ ಅದೇ.

ಏಕೆಂದರೆ ಆ ಮನೆಯಲ್ಲಿ ತಟ್ಟೆಯ ಮುಂದೆ ಕೂತವರನ್ನು ಯಾರೂ ಬೈಯುವಂತಿಲ್ಲ. ಗಾಜು ಒಡೆದಿರಲಿ, ಪರೀಕ್ಷೆಯಲ್ಲಿ ಸೊನ್ನೆ ಸುತ್ತಿರಲಿ, ಗಿರಾಕಿಯ ಕುರ್ಚಿಯ ಮೇಲೆ ಕುಣಿದು ಉಳಿದಿದ್ದ ಒಂದು ಕಾಲನ್ನೂ ಮುರಿದಿರಲಿ, "ಕೈ ತೊಳೆದ ಮೇಲೆ" ಎಂದು ಅಜ್ಜಿ ಒಂದು ಮಾತು ಅಂದರೆ ಮುಗಿಯಿತು. ಬೈಗುಳವೆಲ್ಲ ತೊಟ್ಟಿಯ ಹತ್ತಿರ. ಒದ್ದೆ ಕೈಯಲ್ಲಿ ನಿಂತು ಬೈಸಿಕೊಳ್ಳಬೇಕು. ಮಕ್ಕಳು ಬಿಟ್ಟಾರೆಯೇ? ಅಂಕಪಟ್ಟಿ ಬಂದ ದಿನ ಶಾಯಿ ಮೂರು ಮೂರು ಸಲ ಬಡಿಸಿಕೊಂಡು, ಒಂದೊಂದು ಕಾಳನ್ನೂ ಎಣಿಸಿ ತಿಂದು, ಅಮ್ಮನ ಸಿಟ್ಟು ಆರುವವರೆಗೂ ಎಳೆಯುತ್ತಿದ್ದಳು. ಹಾಗಾಗಿ ಅವಳು ದಡ್ಡಿಯಾಗಿದ್ದ ವರ್ಷಗಳಲ್ಲೆಲ್ಲ ದಷ್ಟಪುಷ್ಟವಾಗಿ ಬೆಳೆದಳು.

ಇನ್ನೊಂದು ಪದ್ಧತಿಯೂ ಇತ್ತು. ತಟ್ಟೆಯಲ್ಲಿ ಯಾವುದು ಎಲ್ಲಕ್ಕಿಂತ ಇಷ್ಟವೋ ಅದನ್ನೇ ಮೊದಲು ತಿನ್ನಬೇಕು. ಕೊನೆಗೆಂದು ಎತ್ತಿಟ್ಟರೆ ಅಜ್ಜಿಗೆ ಸೇರುತ್ತಿರಲಿಲ್ಲ. ಭಾನುವಾರ ತಲೆಗೊಂದು ಬೇಯಿಸಿದ ಮೊಟ್ಟೆ. ಎಲ್ಲರ ತಟ್ಟೆಯಲ್ಲೂ ಮೊದಲು ಮಾಯವಾಗುತ್ತಿದ್ದುದು ಅದೇ. ಅಜ್ಜ ಮಾತ್ರ ತನ್ನದನ್ನು ಎತ್ತಿ ಶಾಯಿಯ ತಟ್ಟೆಗೆ ಹಾಕಿ, "ನನಗೆ ಆಗಿ ಬರೋದಿಲ್ಲ, ನೀನು ತಿನ್ನು," ಎನ್ನುತ್ತಿದ್ದ. ಅಜ್ಜ ತೀರಿಕೊಂಡು ಹದಿನೈದು ವರ್ಷವಾಯಿತು. ಬಾಲ್ಯ ಅಂದರೆ ಶಾಯಿಗೆ ಇಂದಿಗೂ ನೆನಪಾಗುವುದು ಎರಡು ಮೊಟ್ಟೆಯ ಭಾನುವಾರ.

ಈ ಪದ್ಧತಿಗೆ ಸೊಪ್ಪು ಹಾಕದವನು ಒಬ್ಬನೇ, ಅಜ್ಜನ ತಮ್ಮ ಚಿಕ್ಕಜ್ಜ. ಎರಡು ಬೀದಿಯಾಚೆ ಒಂಟಿ ಕೋಣೆಯಲ್ಲಿದ್ದು ಪ್ರತಿ ಭಾನುವಾರ ಊಟಕ್ಕೆ ಬರುತ್ತಾನೆ. ಎಪ್ಪತ್ತಮೂರು ವರ್ಷ, ಬಾಯಲ್ಲಿ ಬೆರಳೆಣಿಕೆಯ ಹಲ್ಲು, ಬಾಯಿ ತುಂಬ ಮಾತು. ಹರೆಯದಲ್ಲಿ ಒಂಬತ್ತು ವರ್ಷ ಹಡಗಿನ ಅಡುಗೆಮನೆಯಲ್ಲಿದ್ದು ಬಂದವನು. ಅವನು ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟು, ಉಳಿದದ್ದೆಲ್ಲ ಮುಗಿಸಿ, ಕಟ್ಟಕಡೆಗೆ ಉಪ್ಪು ಹಾಕಿಕೊಂಡು ತಿನ್ನುತ್ತಿದ್ದ. ಅಜ್ಜಿ ಅದನ್ನು ನೋಡಲಾರದೆ ಯಾವುದೋ ಪಾತ್ರೆ ತೊಳೆಯಲು ಎದ್ದುಬಿಡುತ್ತಿದ್ದಳು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಮನೆ ಎಂದ ಮೇಲೆ ಅದರದ್ದೇ ಒಂದಿಷ್ಟು ಹುಚ್ಚು ಇರುತ್ತದೆ, ಒಳಗಿದ್ದವರಿಗೆ ಅದು ಹುಚ್ಚು ಅನ್ನಿಸುವುದೂ ಇಲ್ಲ.

ಅದು ಹುಚ್ಚು ಎಂದು ಶಾಯಿಗೆ ತಿಳಿದದ್ದು ಪ್ರಕಾಶನದ ಕಚೇರಿಯಲ್ಲಿ.

ಕಚೇರಿ ಒಂದು ಸೈಕಲ್ ಅಂಗಡಿಯ ಮೇಲಿತ್ತು. ಕೆಳಗೆ ಯಾರೋ ಗಾಲಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ಕಾಗದದ ಕಟ್ಟುಗಳ ನಡುವೆ ಕನ್ನಡಕ ಹಣೆಗೇರಿಸಿ ಕೂತ ಸಂಪಾದಕಿ. ಶಾಯಿಯ ಮೊದಲ ಕಾದಂಬರಿಯ ಹಸ್ತಪ್ರತಿ ಅವಳ ಮುಂದಿತ್ತು, ಮೈತುಂಬ ಕೆಂಪು ಗೀಟು ಹೊತ್ತುಕೊಂಡು. ಬೇರೆಯವರ ಬರಹಕ್ಕೆ ದಿನಾ ಕೆಂಪು ಗೀಟು ಹಾಕುವ ಶಾಯಿಗೆ, ಗೀಟು ಹಾಕಿಸಿಕೊಂಡರೆ ಹೇಗಿರುತ್ತದೆ ಎಂಬುದು ಅಂದು ಗೊತ್ತಾಯಿತು.

"ಭಾಷೆ ಚೆನ್ನಾಗಿದೆ. ಕಥೆಯೂ ಇದೆ," ಎಂದಳು ಸಂಪಾದಕಿ, ಕಿತ್ತಳೆಯ ಸಿಪ್ಪೆ ಬಿಡಿಸುತ್ತ. "ಆದ್ರೆ ಒಂದು ವಿಷಯ ಕೇಳ್ತೀನಿ. ಈ ಪುಸ್ತಕದಲ್ಲಿ ಎಷ್ಟು ಜಗಳ ಇದೆ ಹೇಳಿ?"

"ಎಣಿಸಿಲ್ಲ ಮೇಡಂ."

"ನಾನು ಎಣಿಸಿದೆ. ಹನ್ನೊಂದು. ಹನ್ನೊಂದೂ ಊಟ ಆದ್ಮೇಲೆ."

ಶಾಯಿಗೆ ತಲೆಬುಡ ತಿಳಿಯಲಿಲ್ಲ. ಸಂಪಾದಕಿ ಪುಟ ತಿರುವಿದಳು. "ಇಲ್ಲಿ ನೋಡಿ. ಒಬ್ಬ ಕಳ್ಳ. ಪರರ ಮನೆಗೆ ನುಗ್ಗಿದಾನೆ, ತಟ್ಟೇಲಿ ಊಟ ಕಾಣುತ್ತೆ. ಕಳ್ಳ ಅಂದ್ಮೇಲೆ ಗಬಗಬ ತಿನ್ನಬೇಕೋ ಬೇಡವೋ? ಇವನು ಯಾವುದು ರುಚಿ ಅಂತ ಹುಡುಕಿ ಅದನ್ನ ಮೊದಲು ತಿಂತಾನೆ. ಇಲ್ಲಿ ನ್ಯಾಯಾಧೀಶರು. ಅವರೂ ಹಾಗೇ ತಿಂತಾರೆ. ಅರಮನೆಯಂಥ ಮನೇಲಿ ಬೆಳೆದ ಹುಡುಗಿ, ಅವಳೂ ಹಾಗೇ. ಇನ್ನು ನಿಮ್ಮ ದುಷ್ಟ ಅಣ್ಣ! ಸ್ವಂತ ತಮ್ಮನನ್ನ ಮನೆಯಿಂದ ಆಚೆ ಹಾಕ್ತಾನೆ. ಹಾಕೋದಕ್ಕೆ ಮುಂಚೆ ಏನು ಮಾಡ್ತಾನೆ ಗೊತ್ತಾ?"

ಶಾಯಿ ತನ್ನ ಕಾದಂಬರಿಯನ್ನು ಮನಸ್ಸಿನಲ್ಲೇ ಓದಿಕೊಂಡಳು. ಅವಳ ಕಿವಿ ಬಿಸಿಯಾಯಿತು. "ಕೈ ಒರೆಸಿಕೊಳ್ಳೋಕೆ ಟವೆಲ್ ಕೊಡ್ತಾನೆ."

"ಟವೆಲ್ ಕೊಡ್ತಾನೆ!" ಸಂಪಾದಕಿ ಬಿದ್ದು ಬಿದ್ದು ನಕ್ಕಳು. ಶಾಯಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಸಂಪಾದಕಿ ಕಿತ್ತಳೆಯ ಒಂದು ತೊಳೆ ಅವಳ ಕಡೆ ಚಾಚಿ ಹೇಳಿದಳು: "ನಿಮ್ಮ ಪಾತ್ರಗಳೆಲ್ಲ ಒಂದೇ ಮನೇಲಿ ಬೆಳೆದ ಹಾಗಿವೆ. ಅದು ಯಾವ ಮನೆ ಅಂತ ನನಗೆ ಬೇಡ, ಒಳ್ಳೇ ಮನೆಯೇ ಇರಬೇಕು. ಆದ್ರೆ ಈ ಅಣ್ಣ ಆ ಮನೆಯವನಲ್ಲ. ಊಟದ ಮಧ್ಯದಲ್ಲೇ ತಮ್ಮನನ್ನ ಎಬ್ಬಿಸಿ ಕಳಿಸಬೇಕು. ಆ ಒಂದು ದೃಶ್ಯ ಸರಿಹೋದ್ರೆ ಇಡೀ ಪುಸ್ತಕ ಎದ್ದು ನಿಲ್ಲುತ್ತೆ. ಮೂರು ವಾರ ಕೊಡ್ತೀನಿ. ಆಗಲಿಲ್ಲ ಅಂದ್ರೆ ಈ ವರ್ಷದ ಪಟ್ಟಿಯಿಂದ ಬಿಡಬೇಕಾಗುತ್ತೆ."

ಆರು ವರ್ಷ ಕೂತು ಬರೆದ ಪುಸ್ತಕ. ಒಂದು ದೃಶ್ಯ ತಾನೇ, ಅದೇನು ಬ್ರಹ್ಮವಿದ್ಯೆ ಎಂದುಕೊಂಡು ಶಾಯಿ ಮನೆಗೆ ಬಂದಳು.

ಬ್ರಹ್ಮವಿದ್ಯೆಯೇ ಆಗಿತ್ತು. ಏಳು ಸಲ ಬರೆದಳು. ಮೊದಲ ಸಲ ಅಣ್ಣ ಬೈಯಲು ಬಾಯಿ ತೆರೆಯುವಷ್ಟರಲ್ಲಿ ತಮ್ಮನ ಊಟವೇ ಮುಗಿದುಹೋಯಿತು. ಮೂರನೆಯ ಸಲ ಅಣ್ಣ ಸಿಟ್ಟಿನಿಂದ ತಾನೇ ತಟ್ಟೆ ಬಿಟ್ಟು ಎದ್ದ. ಐದನೆಯ ಸಲ ನಡುವೆ ಯಾರೋ ಬಾಗಿಲು ತಟ್ಟಿದರು. ಏಳನೆಯ ಸಲ ಅಣ್ಣ ಬೈದ, ತಮ್ಮನೂ ಎದ್ದ, ಆದರೆ ಓದಿದರೆ ಇಬ್ಬರೂ ನಾಟಕದ ಮಾತು ಉರುಹಚ್ಚಿದವರ ಹಾಗೆ ಕಂಡರು. ಕಂಡಿಲ್ಲದ್ದನ್ನು ಬರೆಯುವುದು ಹೇಗೆ? ಮೂವತ್ತಮೂರು ವರ್ಷ ಆ ಮೇಜಿನಲ್ಲಿ ಊಟ ಮಾಡಿದ್ದಾಳೆ, ತಟ್ಟೆಯ ಮುಂದೆ ಬೈಸಿಕೊಂಡ ಮನುಷ್ಯನ ಮುಖ ಹೇಗಿರುತ್ತದೆ ಎಂದು ಅವಳಿಗೆ ಗೊತ್ತೇ ಇಲ್ಲ. ತನ್ನನ್ನು ಇಷ್ಟು ಅಚ್ಚುಕಟ್ಟಾಗಿ ಬೆಳೆಸಿದವರ ಮೇಲೆ ಅವಳಿಗೆ ನಿಜವಾಗಿಯೂ ಸಿಟ್ಟು ಬಂತು.

ಎರಡು ವಾರ ಕಳೆದ ಮೇಲೆ ಮುಂಕೋಣೆಗೆ ಹೋಗಿ ಅಪ್ಪನ ಎದುರು ನಿಂತಳು. ಅಪ್ಪ ಒಂದು ಕುರ್ಚಿಯ ಕಾಲಿಗೆ ಅಂಟು ಹಚ್ಚಿ, ಹಗ್ಗ ಸುತ್ತಿ ಬಿಗಿಯುತ್ತಿದ್ದ.

"ಅಪ್ಪಾ, ನಮ್ಮನೇಲಿ ಊಟಕ್ಕೆ ಕೂತಾಗ ಬೈಯಬಾರದು ಅಂತ ಯಾಕಿದೆ?"

ಅಪ್ಪನ ಕೈ ನಿಂತಿತು. ಅಂಟು ಒಣಗುವ ಮುಂಚೆ ಕೈ ನಿಲ್ಲಿಸುವವನಲ್ಲ ಅವನು. "ಅದು... ನಾನು ಆರು ವರ್ಷದವನಿದ್ದಾಗಿಂದ ಇದೆ."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ಇರಲಿಲ್ಲ," ಎಂದು ಅಪ್ಪ ಹಗ್ಗದ ಕಡೆ ತಿರುಗಿದ. "ನಿಮ್ಮಜ್ಜೀನ ಕೇಳು. ಊಟದ ಹೊತ್ತಲ್ಲಿ ಬೇಡ ಮತ್ತೆ."

ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಎಂಬತ್ತಾದರೂ ಬೆರಳು ಚುರುಕು. ಶಾಯಿ ಪಕ್ಕದಲ್ಲಿ ಕೂತು ತಾನೂ ಸುಲಿಯತೊಡಗಿ, ಸಂಪಾದಕಿ ಹೇಳಿದ್ದೆಲ್ಲವನ್ನೂ ಹೇಳಿದಳು. ಟವೆಲಿನ ವಿಷಯಕ್ಕೆ ಅಜ್ಜಿ ನಗಲಿಲ್ಲ.

"ನಿನ್ನ ಕಥೇಲಿ ತಮ್ಮ ಯಾಕೆ ಮನೆ ಬಿಟ್ಟು ಹೋಗ್ತಾನೆ?"

"ಚಿಕ್ಕಜ್ಜ ಹಡಗಿಗೆ ಹೋಗಿದ್ದರಲ್ಲ, ಅದನ್ನೇ ಇಟ್ಕೊಂಡೆ. ಯಾಕೆ ಹೋದ್ರು ಅಂತ ಯಾರೂ ಹೇಳಿರಲಿಲ್ಲ. ಅದಕ್ಕೆ ನಾನೇ ಒಬ್ಬ ಕೆಟ್ಟ ಅಣ್ಣನನ್ನ ಹುಟ್ಟಿಸಿದೆ."

ಅಜ್ಜಿ ಕೈಯಲ್ಲಿದ್ದ ಬಟಾಣಿಕಾಯನ್ನು ಸುಲಿಯದೆ ಹಾಗೆಯೇ ಹಿಡಿದುಕೊಂಡಳು. "ನಿಮ್ಮಜ್ಜ ಕೆಟ್ಟವರಲ್ಲ ಕಣೇ," ಎಂದಳು. ಆಮೇಲೆ ಹೇಳಿದಳು.

ಐವತ್ತನಾಲ್ಕು ವರ್ಷದ ಹಿಂದಿನ ಒಂದು ಭಾನುವಾರ. ಅಜ್ಜನಿಗೆ ಮೂವತ್ತು, ತಮ್ಮನಿಗೆ ಹತ್ತೊಂಬತ್ತು. ಅಜ್ಜನ ಬಳಿ ಅವನ ಗುರು ಕೊಟ್ಟ ಒಂದು ಉಳಿ ಇತ್ತು, ಅದನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದ. ತಮ್ಮ ಅದನ್ನು ಹಿತ್ತಿಲಲ್ಲಿ ಬಿಟ್ಟು ಮರೆತ. ಎರಡು ದಿನ ಮಳೆಯಲ್ಲಿ ನೆನೆದು ಉಳಿ ತುಕ್ಕು ಹಿಡಿಯಿತು. ಅಜ್ಜನಿಗೆ ಅದು ಕಂಡದ್ದು ಊಟಕ್ಕೆ ಬರುವ ದಾರಿಯಲ್ಲಿ. ಉಳಿಯನ್ನು ತಂದು ಮೇಜಿನ ಮೇಲೆ ಕುಕ್ಕಿ, ತುತ್ತು ಎತ್ತಿದ್ದ ತಮ್ಮನಿಗೆ, "ಕೂಳಿಗೆ ದಂಡ, ಭೂಮಿಗೆ ಭಾರ," ಅಂದುಬಿಟ್ಟ. ತಮ್ಮ ತುತ್ತನ್ನು ತಟ್ಟೆಗೆ ಇಳಿಸಿ ಎದ್ದ. ಕೈಯನ್ನೂ ತೊಳೆಯದೆ ಬಾಗಿಲು ದಾಟಿ ಹೋದ. ಒಂಬತ್ತು ವರ್ಷ ಬರಲಿಲ್ಲ.

"ಮೊಟ್ಟೆ ಅಂದ್ರೆ ಪ್ರಾಣ ಅವನಿಗೆ. ಕೊನೇಲಿ ತಿನ್ನೋಣ ಅಂತ ಪಕ್ಕಕ್ಕೆ ಇಟ್ಟಿದ್ದ," ಎಂದಳು ಅಜ್ಜಿ. "ಅದು ಹಾಗೇ ಇತ್ತು ತಟ್ಟೇಲಿ. ನಾನು ಸಂಜೆವರೆಗೂ ತೆಗೀಲಿಲ್ಲ. ಬರ್ತಾನೆ, ಬಂದು ತಿಂತಾನೆ ಅಂತ."

ಶಾಯಿ ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗಿಟ್ಟಳು. ಇಷ್ಟವಾದದ್ದನ್ನು ಮೊದಲು ತಿನ್ನು ಎಂದು ತನಗೆ, ತನ್ನ ಅಪ್ಪನಿಗೆ, ತನ್ನ ಕಾದಂಬರಿಯ ಕಳ್ಳನಿಗೂ ನ್ಯಾಯಾಧೀಶನಿಗೂ ಕಲಿಸಿದ್ದು ಆ ಒಂದು ಮೊಟ್ಟೆ. ತಾನು ಸುಖವಾಗಿ ಬೆಳೆದ ಮನೆಯ ಅಡಿಪಾಯದಲ್ಲಿ ಇಷ್ಟು ದೊಡ್ಡ ದುಃಖವೊಂದು ಕೂತಿತ್ತು, ಅದರ ಮೇಲೆ ಕಾಲು ಚಾಚಿಕೊಂಡೇ ತಾನು ಬೆಳೆದಿದ್ದೆ ಎಂದು ಅವಳ ಕಣ್ಣು ತುಂಬಿತು.

"ಬಂದ್ಮೇಲೆ ಯಾರೂ ಏನೂ ಮಾತಾಡಲಿಲ್ವಾ?"

"ಬಂದ ದಿನ ನೇರ ಊಟಕ್ಕೇ ಕೂತ. ಊಟದಲ್ಲಿ ಅಂಥ ಮಾತು ಎತ್ತೋ ಹಾಗಿಲ್ಲವಲ್ಲ. ಊಟ ಆದ್ಮೇಲೆ ಹಡಗಿನ ಕಥೆ ಶುರು ಮಾಡಿದ, ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು. ನಾಳೆ ಕೇಳೋಣ ಅಂದ್ಕೊಂಡ್ವಿ." ಅಜ್ಜಿ ಬಟಾಣಿಕಾಯನ್ನು ಕೊನೆಗೂ ಸೀಳಿದಳು. "ಆ ನಾಳೆ ಬರಲೇ ಇಲ್ಲ."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈ ಮನೆಯವರು ಊಟವನ್ನೇನೋ ಚೆನ್ನಾಗಿ ಕಲಿತರು. ಮಾತಿನ ಪಾಠಕ್ಕೆ ಮಾತ್ರ ನಲವತ್ತೈದು ವರ್ಷ ಚಕ್ಕರ್ ಹೊಡೆದರು.

"ಬರೀತೀಯಾ?" ಎಂದು ಅಜ್ಜಿ ಕೇಳಿದಳು.

"ನೀನು ಬೇಡ ಅಂದ್ರೆ ಇಲ್ಲ."

"ನನ್ನದೇನಿದೆ. ಎದ್ದು ಹೋದವನು ಅವನು. ಬರಿ, ಬರೆದು ಅವನಿಗೆ ಓದಿ ಹೇಳು. ಅವನು ಹೂಂ ಅಂದ್ರೆ ಅಚ್ಚಿಗೆ ಕೊಡು."

ಆ ವಾರ ಶಾಯಿ ಒಂದೇ ಸಲಕ್ಕೆ ಬರೆದಳು. ಉಳಿ, ತುಕ್ಕು, ಕುಕ್ಕಿದ ಸದ್ದು, ಬೈಗುಳ, ತಟ್ಟೆಯಲ್ಲಿ ಉಳಿದ ಮೊಟ್ಟೆ. ಬರೆದು ಓದಿದಾಗ ಮೊದಲ ಬಾರಿಗೆ ಅವಳ ದುಷ್ಟ ಅಣ್ಣನ ಮೇಲೆ ಅವಳಿಗೇ ಅಯ್ಯೋ ಅನ್ನಿಸಿತು. ಪುಸ್ತಕ ಎದ್ದು ನಿಂತಿತ್ತು, ಅದು ಅವಳಿಗೆ ಗೊತ್ತಾಯಿತು. ಅದರ ಜೊತೆಗೇ ಹೆದರಿಕೆಯೂ ಹುಟ್ಟಿತು. ಚಿಕ್ಕಜ್ಜ ಕೇಳಿ ನೊಂದುಕೊಂಡರೆ? ಇನ್ನೊಮ್ಮೆ ಆ ಮೇಜಿನಿಂದ ಎದ್ದು ಹೋದರೆ? ಎಪ್ಪತ್ತಮೂರು ವರ್ಷದವನು ಒಂಬತ್ತು ವರ್ಷ ಮುನಿಸಿಕೊಂಡರೆ ಮತ್ತೆ ಸಿಗುತ್ತಾನೆಯೇ? ಒಂದು ಪುಸ್ತಕಕ್ಕಾಗಿ ಭಾನುವಾರದ ಒಂದು ಕುರ್ಚಿಯನ್ನು ಖಾಲಿ ಮಾಡುವುದು ಅವಳಿಗೆ ಬೇಕಿರಲಿಲ್ಲ. ಆದರೆ ಪುಸ್ತಕವೂ ಬೇಕಿತ್ತು.

ಭಾನುವಾರ ಬಂತು, ಚಿಕ್ಕಜ್ಜನೂ ಬಂದ. ಮುಂಕೋಣೆಯ ಕುರ್ಚಿಗಳಿಗೆಲ್ಲ "ಏನ್ರಪ್ಪಾ, ಹೇಗಿದ್ದೀರಿ, ಕಾಲು ಬಂತಾ?" ಎಂದು ಕ್ಷೇಮ ವಿಚಾರಿಸಿಕೊಂಡು ಒಳಗೆ ಬಂದು ಕೂತ. ಊಟ ನಡೆಯಿತು. ಶಾಯಿಗೆ ರುಚಿ ತಿಳಿಯಲಿಲ್ಲ. ಅವಳ ಮೊಟ್ಟೆ ಮೊದಲು ಹೋಯಿತು, ಅಪ್ಪನದು, ಅಮ್ಮನದು, ಅಜ್ಜಿಯದು ಹೋಯಿತು. ನಾಲ್ವರೂ ಉಂಡು ತೊಟ್ಟಿಗೆ ಹೋಗಿ ಕೈ ತೊಳೆದು ಬಂದರೂ ಚಿಕ್ಕಜ್ಜ ಇರುವ ಹಲ್ಲುಗಳಿಗೆ ಸರದಿಯ ಮೇಲೆ ಕೆಲಸ ಕೊಡುತ್ತ ಇನ್ನೂ ತಿನ್ನುತ್ತಲೇ ಇದ್ದ. ಮೊಟ್ಟೆ ತಟ್ಟೆಯ ಅಂಚಿನಲ್ಲಿ ಭದ್ರವಾಗಿತ್ತು.

"ಏನೇ ಶಾಯಿ, ಕೈಲಿ ಕಾಗದ ಇಟ್ಕೊಂಡು ಪರೀಕ್ಷೆಗೆ ಹೊರಟವಳ ಹಾಗೆ ಕೂತಿದ್ದೀಯಲ್ಲ. ಓದು ಅದೇನು ಅಂತ."

"ನೀವು ಕೈ ತೊಳೆದ ಮೇಲೆ, ಚಿಕ್ಕಜ್ಜ."

"ನಾನು ಕೈ ತೊಳೆಯೋಷ್ಟರಲ್ಲಿ ನಿನ್ನ ಕಣ್ಣಿಗೆ ಕನ್ನಡಕ ಬಂದಿರುತ್ತೆ. ನೀವೆಲ್ಲ ತೊಳೆದಾಯ್ತಲ್ಲ? ಓದು ಮತ್ತೆ!"

ಶಾಯಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಸೆರಗಿನಲ್ಲಿ ಕೈ ಒರೆಸುತ್ತ ಬೇಡವೆನ್ನಲಿಲ್ಲ. ಶಾಯಿ ಓದಿದಳು. ಮೂರು ಪುಟ. ಬೈಗುಳದ ಸಾಲು ಬಂದಾಗ ಅಪ್ಪ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದ. ಅಮ್ಮನಿಗೂ ಇದೆಲ್ಲ ಹೊಸದು, ಬಾಯಿಗೆ ಕೈ ಇಟ್ಟುಕೊಂಡು ಕೇಳಿದಳು. ಶಾಯಿ ಓದಿ ಮುಗಿಸಿ ಕಾಗದ ಕೆಳಗಿಟ್ಟಳು.

ಚಿಕ್ಕಜ್ಜ ನೀರು ಕುಡಿದ. "ಚೆನ್ನಾಗಿ ಬರೆದಿದ್ದೀಯ," ಎಂದ. "ಉಳಿ, ಬೈಗುಳ, ಎಲ್ಲಾ ಸರಿ. ಆದ್ರೆ ನಾನು ಎದ್ದದ್ದು ಅದಕ್ಕಲ್ಲವಲ್ಲ."

"ಅದಕ್ಕಲ್ವಾ?" ಎಂದ ಅಪ್ಪ.

"ಅಯ್ಯೋ, ಹಡಗಿನ ಕೆಲಸದ ಕಾಗದ ಮೂರು ದಿನದಿಂದ ಜೇಬಲ್ಲಿತ್ತು ಕಣೋ! ಅವತ್ತು ಮಧ್ಯಾಹ್ನ ಹಡಗು ಹೊರಡೋದಿತ್ತು. ಅಣ್ಣನಿಗೆ ಹೇಳೋ ಧೈರ್ಯ ಇರಲಿಲ್ಲ. ಹೇಗಪ್ಪಾ ಹೊರಡೋದು ಅಂತ ನೆವ ಹುಡುಕ್ತಾ ಕೂತಿದ್ದೆ, ಅಷ್ಟರಲ್ಲಿ ಅಣ್ಣ ಬೈದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಎದ್ದು ಓಡಿದೆ." ಚಿಕ್ಕಜ್ಜ ನಗತೊಡಗಿದ. "ಆ ಮೊಟ್ಟೆ ಒಂದನ್ನ ಮಾತ್ರ ಒಂಬತ್ತು ವರ್ಷ ನೆನೆಸ್ಕೊಂಡೆ. ತಿಂದು ಎದ್ದಿದ್ರೆ ಏನಾಗ್ತಿತ್ತು ಅಂತ."

ಅವನೊಬ್ಬನೇ ನಗುತ್ತಿದ್ದ. ಅದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಜ್ಜಿ ಎದ್ದು ನಿಂತಿದ್ದಳು. ಅವಳ ಮುಖ ಕೆಂಪಾಗಿತ್ತು. ಶಾಯಿ ಅಜ್ಜಿಯನ್ನು ಆ ಬಣ್ಣದಲ್ಲಿ ನೋಡಿರಲಿಲ್ಲ.

"ಬಂದ ದಿನ ಹೇಳೋಕೆ ಏನಾಗಿತ್ತು ನಿನಗೆ?"

"ಯಾರೂ ಕೇಳಲಿಲ್ಲವಲ್ಲ ಅತ್ತಿಗೆ. ನಿಮಗೆಲ್ಲ ಗೊತ್ತಿರುತ್ತೆ ಅಂದ್ಕೊಂಡೆ. ಕಾಗದ ಬರೆದಿದ್ದೆ ಹಡಗಿಂದ..."

"ಊಟ ಚೆನ್ನಾಗಿದೆ ಅಂತ ಬರೆದಿದ್ದೆ! ಅಲೆ ದೊಡ್ಡದು ಅಂತ ಬರೆದಿದ್ದೆ!" ಅಜ್ಜಿಯ ಧ್ವನಿ ಮುಂಕೋಣೆಯವರೆಗೂ ಹೋಯಿತು. "ನಿಮ್ಮಣ್ಣ ಅವತ್ತಿಂದ ಒಂದು ಮೊಟ್ಟೆ ಮುಟ್ಟಲಿಲ್ಲ ಕಣೋ. ಸಾಯೋ ತನಕ. ಮೂವತ್ತೊಂಬತ್ತು ವರ್ಷ! ಆಗಿ ಬರೋದಿಲ್ಲ ಅಂತ ಈ ಮಗು ತಟ್ಟೆಗೆ ಹಾಕ್ತಿದ್ರು. ನೀನು ಬಂದ್ಮೇಲಾದ್ರೂ ತಿನ್ನಿ ಅಂತ ನಾನು ಕಾಲು ಹಿಡಿದೆ. ಅವನು ಬಾಯಿಬಿಟ್ಟು ಸಿಟ್ಟಿಲ್ಲ ಅಂತ ಒಂದು ಮಾತು ಹೇಳಲಿ, ಆಮೇಲೆ ತಿಂತೀನಿ ಅಂದ್ರು. ನೀನು ಪ್ರತಿ ಭಾನುವಾರ ಅವರ ಎದುರಿಗೇ ಕೂತ್ಕೊಂಡು, ಮೊಟ್ಟೆ ಕೊನೇಗಿಟ್ಕೊಂಡು, ಅಲೆ ಕಥೆ ಹೇಳಿದೆ! ಕೂಳಿಗೆ ದಂಡ! ಭೂಮಿಗೆ ಭಾರ!"

ಆ ಮಾತು ಐವತ್ತನಾಲ್ಕು ವರ್ಷದ ಮೇಲೆ ಅದೇ ಮೇಜಿನ ಮೇಲೆ ಬಿತ್ತು. ತಟ್ಟೆಯ ಮುಂದೆ ಕೂತವನ ಮೇಲೆಯೇ ಬಿತ್ತು. ಅಮ್ಮ "ಅತ್ತೆ" ಎಂದು ಅವಳ ತೋಳು ಹಿಡಿದಳು. ಅಪ್ಪ, ಅರವತ್ತು ವರ್ಷದ ಅಪ್ಪ, ಆರು ವರ್ಷದವನ ಹಾಗೆ ಬಾಗಿಲ ಕಡೆ ನೋಡಿದ.

ಶಾಯಿ ಚಿಕ್ಕಜ್ಜನ ಮುಖ ನೋಡಿದಳು. ತಟ್ಟೆಯ ಮುಂದೆ ಬೈಸಿಕೊಂಡ ಮನುಷ್ಯನ ಮುಖ ಹೇಗಿರುತ್ತದೆ ಎಂದು ಅವಳಿಗೆ ಕೊನೆಗೂ ಕಾಣಿಸಿತು. ಕಂಡದ್ದನ್ನು ಬರೆಯಬಹುದು ಎಂದು ಆ ಕ್ಷಣಕ್ಕೆ ಅವಳಿಗೆ ತೋಚಲೇ ಇಲ್ಲ. ಆ ಮೂರು ಪುಟವನ್ನು ಒಲೆಗೆ ಹಾಕಿಯೇನು, ದೇವರೇ, ಇವನು ಏಳದಿದ್ದರೆ ಸಾಕು, ಎಂದುಕೊಂಡಳು.

ಚಿಕ್ಕಜ್ಜನ ಕೈ ಮೇಜಿನ ಮೇಲಿತ್ತು. ಗಲ್ಲ ಅದುರುತ್ತಿತ್ತು. "ಅಣ್ಣ ತಿನ್ನಲೇ ಇಲ್ವಾ?" ಎಂದು ಕೇಳಿದ, ಯಾರನ್ನೆಂದಿಲ್ಲದೆ. "ನನಗೆ... ನಿಜವಾಗ್ಲೂ ಆಗಿ ಬರೋದಿಲ್ಲ ಅಂದ್ಕೊಂಡಿದ್ದೆ."

ಅವನ ಕುರ್ಚಿ ಕಿರ್ರೆಂದಿತು. ಆದರೆ ಅದು ಹಿಂದಕ್ಕಲ್ಲ, ಮುಂದಕ್ಕೆ ಸರಿಯಿತು. ಚಿಕ್ಕಜ್ಜ ಮೇಜಿಗೆ ಇನ್ನಷ್ಟು ಒತ್ತಿ ಕೂತ.

"ಬೈಯಿರಿ ಅತ್ತಿಗೆ," ಎಂದ. "ಅಣ್ಣನ ಪಾಲಿನದ್ದೂ ಸೇರಿಸಿ ಬೈಯಿರಿ. ನಾನು ಏಳೋದಿಲ್ಲ. ಉಪ್ಪು ಕೊಡಿ ಇಲ್ಲಿ."

ಅಜ್ಜಿ ಬೈದಳು. ಐವತ್ತನಾಲ್ಕು ವರ್ಷ ಕೂಡಿಟ್ಟದ್ದು ಒಂದೆರಡು ಮಾತಿಗೆ ಮುಗಿಯುತ್ತದೆಯೇ? ಬೈಯುತ್ತಲೇ ಉಪ್ಪಿನ ಬಟ್ಟಲನ್ನು ಅವನ ಮುಂದೆ ಕುಕ್ಕಿದಳು, ಬೈಯುತ್ತಲೇ ಲೋಟಕ್ಕೆ ನೀರು ಹಾಕಿದಳು. ಹಡಗನ್ನು ಬೈದಳು, ಉಳಿಯನ್ನು ಬೈದಳು, ತಮ್ಮನಿಗೆ ಹೇಳದೆಯೇ ತೀರಿಕೊಂಡ ಗಂಡನನ್ನು ಬೈದಳು, ಕೇಳದೆ ಇದ್ದ ತನ್ನನ್ನೂ ಬೈದುಕೊಂಡಳು. ಚಿಕ್ಕಜ್ಜ ಕಣ್ಣಲ್ಲಿ ನೀರು ಸುರಿಸುತ್ತ ಮೊಟ್ಟೆಯನ್ನು ಎರಡು ಹೋಳು ಮಾಡಿ, ಉಪ್ಪು ಉದುರಿಸಿ, ಹೂಂ ಹೂಂ ಎಂದು ತಲೆಯಾಡಿಸುತ್ತ, ಒಂದು ಚೂರೂ ಉಳಿಸದೆ ತಿಂದ. ತಿಂದು ಮುಗಿಸಿದ ಮೇಲೆಯೇ ಎದ್ದ. ಎಲ್ಲರ ಕಣ್ಣೂ ಅವನ ಹಿಂದೆಯೇ ಹೋಯಿತು. ಅವನು ಹೋದದ್ದು ತೊಟ್ಟಿಗೆ.

ನಲ್ಲಿಯ ಸದ್ದು ನಿಂತು ಅವನು ಒಳಗೆ ಬಂದಾಗ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಅವನ ಕೈಗೆ ಟವೆಲ್ ಕೊಟ್ಟಳು.

ಚಿಕ್ಕಜ್ಜ ಕೈ ಒರೆಸಿಕೊಂಡ, ಮುಖವನ್ನೂ ಒರೆಸಿಕೊಂಡ. "ಅಚ್ಚಿಗೆ ಕೊಡೇ ಶಾಯಿ," ಎಂದ. "ಆದ್ರೆ ಆ ಅಣ್ಣನನ್ನ ಕೆಟ್ಟವನು ಅಂತ ಬರೀಬೇಡ."

ಶಾಯಿ ಆ ದೃಶ್ಯವನ್ನು ಹಾಗೆಯೇ ಉಳಿಸಿದಳು. ತಮ್ಮ ಹೋದ ಮೇಲೆ ಅಣ್ಣ ಏನು ಮಾಡಿದ ಎಂಬ ಒಂದು ಪುಟವನ್ನು ಮಾತ್ರ ಹೊಸದಾಗಿ ಸೇರಿಸಿದಳು. ಸಂಪಾದಕಿ ಓದಿ ಫೋನ್ ಮಾಡಿದಳು. ಹಿನ್ನೆಲೆಯಲ್ಲಿ ಸೈಕಲ್ ಅಂಗಡಿಯ ಸದ್ದು ಕೇಳಿಸುತ್ತಿತ್ತು.

"ಈ ಅಣ್ಣ ಎಲ್ಲಿ ಸಿಕ್ಕಿದ ನಿಮಗೆ?" ಎಂದಳು.

"ಮನೇಲೇ ಇದ್ದ ಮೇಡಂ," ಎಂದಳು ಶಾಯಿ. "ಅವನ ಪಾಲಿನ ಮೊಟ್ಟೆ ತಿಂದೇ ನಾನು ಬೆಳೆದದ್ದು."